ಮಿಲ್ಲಿನ ಸದ್ದಿನ ಮರೆಯಲ್ಲಿ

ಹಾರನಹಳ್ಳಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಟ್ಟರೂ ಕೊನೆಗೆ ಬಂದು ಬೀಳುತ್ತಿದ್ದದ್ದು ಚನ್ನೇಶನ ಅಂಗಡಿಗೆ. ಒಂದೇ ಷಟರಿನ ಅಂಗಡಿ, ಇಂದ್ರೇಶನ ಹಿಟ್ಟಿನ ಮಿಲ್ಲಿಗೆ ಗೋಡೆಗೆ ಗೋಡೆ. ಮಿಲ್ಲಿನ ರಾಗಿ ಹಿಟ್ಟು ಹೆಂಚಿನ ಸಂದಿಯಲ್ಲಿ ನುಸುಳಿ ಬಂದು ಮೇಜು, ಕೀಬೋರ್ಡು, ಗಾಜಿನ ಕೌಂಟರು ಎಲ್ಲದರ ಮೇಲೂ ಕೂರುತ್ತಿತ್ತು. ಕಂಪ್ಯೂಟರಿಗೆ ಧೂಳು ಆಗದು ಎಂದು ಊರಿಗೆಲ್ಲ ಬುದ್ಧಿ ಹೇಳುವವನು ತಾನು ಮಾತ್ರ ಹಿಟ್ಟಿನ ರಾಶಿಯಲ್ಲಿ ಕೂತಿದ್ದಾನಲ್ಲ ಎಂದು ಜನ ನಗುತ್ತಿದ್ದರು. ಬಸ್ ಸ್ಟ್ಯಾಂಡಿನ ಎದುರಿಗೇ ಒಳ್ಳೆಯ ಮಳಿಗೆ ಖಾಲಿಯಾದಾಗ ಹೆಂಡತಿ ದ್ರಾಕ್ಷಾಯಣಿ ಹೇಳಿ ಹೇಳಿ ಸಾಕಾದಳು. ಚನ್ನೇಶ ಜಪ್ಪಯ್ಯ ಅಂದರೂ ಏಳಲಿಲ್ಲ.

ಅವನಿಗೆ ಆ ಮಿಲ್ಲಿನ ಸದ್ದು ಬೇಕಿತ್ತು. ಸತ್ಯ ಇಷ್ಟೇ: ಚನ್ನೇಶನಿಗೆ ಕಿವಿ ಹೋಗುತ್ತಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಬಲಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಕೆಟ್ಟಿತ್ತು. ಉಳಿದ ಎಡಗಿವಿ ವರ್ಷ ವರ್ಷಕ್ಕೂ ಮಂದವಾಗುತ್ತ ಬಂದಿತ್ತು. ಮಿಲ್ಲಿನ ಪಕ್ಕ ಕೂತರೆ ಒಂದು ಅನುಕೂಲ. ಅಲ್ಲಿ ಬಂದವರೆಲ್ಲ ತಾವಾಗಿಯೇ ಎದುರು ನಿಂತು, ಬಾಯಿ ಅಗಲಿಸಿ, ಕೂಗಿ ಮಾತಾಡುತ್ತಾರೆ. ತುಟಿ ನೋಡಿಕೊಂಡು ಅರ್ಧ ತಿಳಿಯುತ್ತಿತ್ತು. ತಿಳಿಯದ ಅರ್ಧಕ್ಕೆ ಅವನ ಬಳಿ ಒಂದು ಮಾತು ಸಿದ್ಧವಾಗಿತ್ತು: "ಈ ಮಿಲ್ಲಿನ ಗಲಾಟೇಲಿ ಏನೂ ಕೇಳಿಸಲ್ಲ ಕಣ್ರೀ, ಇನ್ನೊಂದ್ಸಲ ಹೇಳಿ!" ಮೇಜಿನ ಮೇಲೆ ಸದಾ ಒಂದು ಸ್ಟೀಲ್ ಲೋಟದ ತುಂಬ ನೀರು ಇಟ್ಟಿರುತ್ತಿದ್ದ. ನೀರು ಸಣ್ಣಗೆ ಅದುರುತ್ತಿದ್ದರೆ ಮಿಲ್ಲು ನಡೆಯುತ್ತಿದೆ, ಆ ಮಾತು ಆಡಬಹುದು. ನೀರು ಸುಮ್ಮನಿದ್ದರೆ ಆಡಬಾರದು. ಫೋನು ಬಂದರೆ ಕಟ್ ಮಾಡಿ "ಮೆಸೇಜ್ ಹಾಕಿ" ಎಂದು ಬರೆಯುತ್ತಿದ್ದ. ದೊಡ್ಡ ಕೆಲಸಗಾರ, ಪುರುಸೊತ್ತಿಲ್ಲ ಎಂದು ಜನ ತಿಳಿದರು.

ಮನೆಯಲ್ಲಿ ಮಿಲ್ಲು ಇರಲಿಲ್ಲವಲ್ಲ. "ಮೊದ್ಲೆಲ್ಲ ಎಷ್ಟು ಮಾತಾಡ್ತಿದ್ರಿ. ಈಗ ಹಿಂದಿಂದ ಕೂಗಿದ್ರೆ ತಿರುಗೂ ನೋಡಲ್ಲ. ಅಷ್ಟೊಂದು ಜಂಬ ಯಾತಕ್ರೀ?" ಎಂದು ದ್ರಾಕ್ಷಾಯಣಿ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ್ದಳು. ಅವಳು ಜಂಬ ಎಂದುಕೊಂಡರೂ ಸರಿ ಎಂದು ಚನ್ನೇಶ ಬಾಯಿ ಬಿಡಲಿಲ್ಲ.

ಇಷ್ಟೊಂದು ಹೆದರಿಕೆ ಯಾಕೆ ಎಂದರೆ, ಅವನು ಅಪ್ಪನನ್ನು ನೋಡಿದ್ದ. ಗಂಗಾಧರಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವರು, ಮಠದ ಕಾರ್ಯಗಳಲ್ಲಿ ಮುಂದೆ ನಿಲ್ಲುತ್ತಿದ್ದವರು. ಅವರಿಗೂ ಕಿವಿ ಹೀಗೇ ಹೋಯಿತು. ಕೇಳಿಸದೆ ಹೋದದ್ದಕ್ಕೆಲ್ಲ ನಗುತ್ತಾ ತಲೆಯಾಡಿಸುವುದು ಅವರ ಅಭ್ಯಾಸವಾಯಿತು. ಮಾರ್ಕೆಟ್ಟಿನಲ್ಲಿ ಕೆಲವರು ಅದನ್ನೇ ಆಟ ಮಾಡಿಕೊಂಡರು. ಎದುರಿಗೆ ನಿಂತು, ಮುಖದ ತುಂಬ ನಗು ಇಟ್ಟುಕೊಂಡು, ಬಾಯಿಗೆ ಬಂದಂತೆ ಬೈಯುವರು. ಗಂಗಾಧರಪ್ಪ "ಹೂಂ, ಹೂಂ, ಆಗಲಪ್ಪ" ಎಂದು ತಲೆಯಾಡಿಸುವರು. ಕೊಬ್ಬರಿ ಚೀಲಗಳ ಮೇಲೆ ಕೂತವರು ಹೊಟ್ಟೆ ಹಿಡಿದುಕೊಂಡು ನಗುವರು. ಶಾಲೆ ಬಿಟ್ಟು ಬಂದ ಚನ್ನೇಶ ಒಂದು ದಿನ ಅಲ್ಲೇ ನಿಂತಿದ್ದ. ಅಪ್ಪ ಅವನನ್ನು ನೋಡಿ ಇನ್ನೂ ಸಂತೋಷದಿಂದ ನಕ್ಕರು. ಆ ನಗು ಅವನ ಎದೆಯಿಂದ ಇವತ್ತಿಗೂ ಹೋಗಿರಲಿಲ್ಲ.

ಈಚೆಗೆ ಒಂದು ಬೆಳಿಗ್ಗೆ ಚನ್ನೇಶ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ. ಒಲೆಯ ಮೇಲಿನ ಕುಕ್ಕರಿನಿಂದ ಆವಿ ಚಿಮ್ಮಿತು. ಸೀಟಿ ಕೇಳಿಸಲಿಲ್ಲ. ಮತ್ತೆ ಚಿಮ್ಮಿತು. ದ್ರಾಕ್ಷಾಯಣಿ ಹಿತ್ತಲಿನಿಂದ ಓಡಿಬಂದು ಒಲೆ ಆರಿಸಿ, "ಪಕ್ದಲ್ಲೇ ಕೂತಿದೀರ, ಆಫ್ ಮಾಡಕ್ಕೆ ಏನಾಗಿತ್ತು?" ಎಂದು ತುಟಿ ಆಡಿಸಿದಳು. ನಿನ್ನೆಯವರೆಗೂ ಅವಳ ಮಾತು ದೂರದ ರೇಡಿಯೋದ ಹಾಗಾದರೂ ಬರುತ್ತಿತ್ತು. ಇವತ್ತು ಬರೀ ತುಟಿ. ಶೀತ ಆಗಿರಬೇಕು, ಕಿವಿಯಲ್ಲಿ ಗುಗ್ಗೆ ಕಟ್ಟಿರಬೇಕು ಎಂದು ಚನ್ನೇಶ ತನಗೆ ತಾನೇ ಸಮಾಧಾನ ಹೇಳಿಕೊಂಡು ಅಂಗಡಿ ತೆಗೆದ.

ಕೂತು ಉಸಿರು ಬಿಡುವಷ್ಟರಲ್ಲಿ ಶಾಲೆಯ ಪುಷ್ಪಲತಾ ಮೇಡಂ ಆಟೋದಲ್ಲಿ ಕಂಪ್ಯೂಟರ್ ಹೊತ್ತು ತಂದರು. ವೈರಸ್ ಬಂದಿದೆಯೆಂದು ಹಿಂದಿನ ದಿನವಷ್ಟೇ ಅವನು ಅದಕ್ಕೆ ಹೊಸದಾಗಿ ವಿಂಡೋಸ್ ಹಾಕಿಕೊಟ್ಟಿದ್ದ. ಮೇಡಂ ಮಿಲ್ಲಿನ ಸದ್ದನ್ನು ಮೀರಿಸಿ ಕೂಗಿದರು. ತುಟಿಯಲ್ಲಿ ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.

"ಸೌಂಡೇ ಬರ್ತಿಲ್ಲ ಕಣ್ರೀ ಚನ್ನೇಶ್! ಕೊಡೋಕ್ ಮುಂಚೆ ಕೇಳಿ ನೋಡ್ಲಿಲ್ವಾ ನೀವು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ತಾನಾಗಿಯೇ ಕಿವಿಗೆ ಹೋಯಿತು. ಕೇಳಿ ನೋಡಿರಲಿಲ್ಲ. ಮೊದಲಾದರೆ ಸ್ಪೀಕರಿಗೆ ಎಡಗಿವಿ ಒತ್ತಿ, ಸೊಳ್ಳೆಯಷ್ಟು ಸದ್ದು ಸಿಕ್ಕರೂ ಸಾಕು ಎಂದು ಕೊಟ್ಟುಬಿಡುತ್ತಿದ್ದ. ಈಚೆಗೆ ಅದಕ್ಕೂ ಹೆದರಿಕೆ. ಎಲ್ಲಿ ಆ ಸೊಳ್ಳೆಯೂ ಸಿಗದೆ ಹೋದರೆ ಎಂದು ಪರೀಕ್ಷೆ ಮಾಡುವುದನ್ನೇ ಬಿಟ್ಟಿದ್ದ.

"ನಾಳೆ ಮಕ್ಳ ಕಾರ್ಯಕ್ರಮ ಐತೆ. ಅವರ ಮಗ್ಗಿ ಎಲ್ಲಾ ರೆಕಾರ್ಡ್ ಮಾಡಿಟ್ಟಿದೀನಿ. ಇವತ್ತೇ ಆಗ್ಬೇಕು. ನೀವು ನೋಡ್ತಿರಿ, ನಾನು ಮಿಲ್ಲಲ್ಲಿ ಹಿಟ್ಟು ಇಸ್ಕೊಂಡು ಬರ್ತೀನಿ," ಎಂದು ಮೇಡಂ ಪಕ್ಕಕ್ಕೆ ಹೋದರು.

ಅವರು ಹೋದದ್ದೇ ಚನ್ನೇಶನಿಗೆ ಜೀವ ಬಂತು. ಕಂಪ್ಯೂಟರ್ ಹಚ್ಚಿ ನೋಡಿದ. ತೆರೆಯ ಮೂಲೆಯಲ್ಲಿ ಸ್ಪೀಕರಿನ ಗುರುತಿನ ಮೇಲೆ ಕೆಂಪು ಗೀಟು ಇತ್ತು. ಹೊಸ ವಿಂಡೋಸಿಗೆ ಸೌಂಡ್ ಡ್ರೈವರ್ ಸಿಕ್ಕಿರಲಿಲ್ಲ. ಡ್ರೈವರ್ ಎಂದರೆ ಕಂಪ್ಯೂಟರಿಗೂ ಅದರ ಸ್ಪೀಕರಿಗೂ ನಡುವೆ ಮಾತು ದಾಟಿಸುವ ಸಣ್ಣ ಸಾಫ್ಟ್‌ವೇರು. ಅದಿಲ್ಲದಿದ್ದರೆ ಯಂತ್ರ ಮೂಕ. ಚನ್ನೇಶನಿಗೆ ಎಂಥ ಖುಷಿ! ಕೆಟ್ಟದ್ದು ಯಂತ್ರ, ತಾನಲ್ಲ! ಮೂಕ ಯಂತ್ರದ ಮುಂದೆ ಕೂತವನಿಗೆ ಏನೂ ಕೇಳಿಸದಿದ್ದರೆ ಅದು ಅವನ ತಪ್ಪೇ?

ಸರಿಯಾದ ಡ್ರೈವರನ್ನು ಹುಡುಕಿ ಇಳಿಸಿದ. ಇನ್‌ಸ್ಟಾಲ್ ಒತ್ತಬೇಕೆನ್ನುವಾಗ ಬೆರಳು ನಿಂತುಬಿಟ್ಟಿತು. ಇದು ಸರಿಹೋದ ಮೇಲೆ ನೆಪ ಎಲ್ಲಿ? ಯಂತ್ರ ಮಾತಾಡತೊಡಗಿದ ಮೇಲೂ ತನಗೆ ಕೇಳಿಸದಿದ್ದರೆ? ರಿಪೇರಿ ಮಾಡಿ ಬದುಕಿದವನು ಜೀವನದಲ್ಲಿ ಮೊದಲ ಸಲ ರಿಪೇರಿಗೆ ಹೆದರಿದ. ಮೇಜಿನ ಮೇಲಿದ್ದ ಲೋಟ ಎತ್ತಿ ಗಟಗಟನೆ ಅಷ್ಟೂ ನೀರು ಕುಡಿದು, ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಕಂಪ್ಯೂಟರ್ ಒಂದು ಸಲ ಆರಿ ಹತ್ತಿತು. ಕೆಂಪು ಗೀಟು ಮಾಯವಾಗಿತ್ತು. ಮೇಡಂ ಹೇಳಿದ ಮಗ್ಗಿಯ ಫೈಲು ತೆರೆದ. ತೆರೆಯ ಮೇಲೆ ಹಸಿರು ಪಟ್ಟಿ ಮೇಲೆ ಕೆಳಗೆ ಕುಣಿಯತೊಡಗಿತು. ಏನೂ ಕೇಳಿಸಲಿಲ್ಲ. ಅಂಗಡಿಯ ಸ್ಪೀಕರಿನ ವಯರು ಕಿತ್ತು, ಹಿಂದಿನ ಹಸಿರು ತೂತಿಗೆ ಮತ್ತೆ ಸಿಕ್ಕಿಸಿದ. ಇಲ್ಲ. ವಾಲ್ಯೂಮ್ ಅರ್ಧಕ್ಕೆ ತಂದ. ಇಲ್ಲ. ಮಿಲ್ಲಿನ ಸದ್ದಿನಲ್ಲಿ ಮುಚ್ಚಿಹೋಗಿರಬೇಕು, ಇನ್ನೇನು ಎಂದುಕೊಂಡು ಕಂಪ್ಯೂಟರಿನದ್ದೂ ಸ್ಪೀಕರಿನದ್ದೂ ಎರಡನ್ನೂ ಪೂರ್ತಿ ಏರಿಸಿದ. ಇಲ್ಲವೇ ಇಲ್ಲ.

ಸ್ಪೀಕರಿನ ಕಪ್ಪು ಕಾಗದದ ಮೇಲೆ ಎಂದಿನಂತೆ ರಾಗಿ ಹಿಟ್ಟು ಕೂತಿತ್ತು. ಈಗ ಆ ಹಿಟ್ಟು ಹಾರಿ ಹಾರಿ ಬೀಳುತ್ತಿರುವುದು ಅವನ ಕಣ್ಣಿಗೆ ಬಿತ್ತು. ಅಂಗೈ ಇಟ್ಟು ನೋಡಿದ. ಕೈಯಲ್ಲಿ ಹಿಡಿದ ಕೋಳಿಮರಿಯ ಎದೆಯ ಹಾಗೆ ಸ್ಪೀಕರು ಡವಗುಟ್ಟುತ್ತಿತ್ತು.

ಯಂತ್ರ ಮಾತಾಡುತ್ತಿತ್ತು. ಅವನಿಗೆ ಕೇಳಿಸುತ್ತಿರಲಿಲ್ಲ.

ಅಂಗೈಯನ್ನು ತೆಗೆಯುವುದಕ್ಕೂ ಆಗದೆ ಕೂತುಬಿಟ್ಟ. ಕೊಬ್ಬರಿ ಮಾರ್ಕೆಟ್ಟಿನಲ್ಲಿ ತಲೆಯಾಡಿಸುತ್ತ ನಿಂತ ಅಪ್ಪನ ಮುಖ ಕಣ್ಣ ಮುಂದೆ ಬಂತು. ಬಾಗಿಲಲ್ಲಿ ನೆರಳಾದಂತಾಗಿ ತಲೆ ಎತ್ತಿದ. ಪುಷ್ಪಲತಾ ಮೇಡಂ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು. ಅವರ ಪಕ್ಕ ಮೈತುಂಬ ಹಿಟ್ಟಾದ ಇಂದ್ರೇಶ, ಅವನೂ ಕಿವಿ ಮುಚ್ಚಿಕೊಂಡಿದ್ದ. ಎದುರು ಹೋಟೆಲಿನವರು ಬೀದಿಗೆ ಬಂದು ನೋಡುತ್ತಿದ್ದರು. ಇಂದ್ರೇಶ ಏನೋ ಕೂಗಿದ. "ಊರಿಗೆಲ್ಲ ಮಗ್ಗಿ ಕಲಿಸ್ತಾ ಇದ್ದೀಯೇನ್ಲಾ? ಕಡಿಮೆ ಮಾಡ್ಲಾ!" ಎಂದು ತಾನು ಕೂಗಿದ್ದನ್ನು ಅವನು ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದಾನೆ, ಪ್ರತಿ ಸಲವೂ ಬೇಜಾರು ಮಾಡಿಕೊಂಡು ಹೇಳಿದ್ದಾನೆ. ಚನ್ನೇಶನಿಗೆ ಕಂಡದ್ದು ಬಾಯಿ ಮಾತ್ರ. ದಿಗಿಲಿಗೆ ತುಟಿ ಓದುವುದೂ ಮರೆತುಹೋಗಿತ್ತು. ನಾಲಿಗೆಗೆ ರೂಢಿಯಾದ ಒಂದೇ ಮಾತು ಹೊರಟಿತು.

"ಈ ಮಿಲ್ಲಿನ ಗಲಾಟೇಲಿ ಏನೂ ಕೇಳಿಸಲ್ಲ ಕಣ್ರೀ, ಇನ್ನೊಂದ್ಸಲ ಹೇಳಿ!"

ಮೇಡಂ ಮುಖ ಬೇರೆಯಾಯಿತು. ಅವರು ಇಂದ್ರೇಶನನ್ನು ನೋಡಿದರು, ಇಂದ್ರೇಶ ಮಿಲ್ಲಿನ ಕಡೆ ನೋಡಿದ. ಚನ್ನೇಶನ ಕಣ್ಣು ಲೋಟಕ್ಕೆ ಹೋಯಿತು. ಲೋಟ ಖಾಲಿ. ಎದ್ದು ಬಾಗಿಲಿಗೆ ಬಂದು ಇಣುಕಿದ. ಮಿಲ್ಲಿನ ಬೆಲ್ಟು ಅಲ್ಲಾಡದೆ ನಿಂತಿತ್ತು. ಮಿಲ್ಲು ಓಡಿಸುವ ತ್ರೀಫೇಸ್ ಕರೆಂಟು ಹೋಗಿ ಎಷ್ಟು ಹೊತ್ತಾಗಿತ್ತೋ. ಅಂಗಡಿಯ ದೀಪ ಸಿಂಗಲ್ ಫೇಸಿನಲ್ಲಿ ಉರಿಯುತ್ತಲೇ ಇತ್ತು, ಹಾಗಾಗಿ ಅವನಿಗೆ ತಿಳಿದಿರಲಿಲ್ಲ. ಅರ್ಧ ಬೀಸಿದ ಹಿಟ್ಟನ್ನು ಅಲ್ಲೇ ಬಿಟ್ಟು ಮೇಡಂ ವಾಪಸು ಬಂದಿದ್ದರು. ಮಕ್ಕಳ ಮಗ್ಗಿಯೊಂದನ್ನು ಬಿಟ್ಟರೆ ಆ ಬೀದಿಯಲ್ಲಿ ಸದ್ದು ಎನ್ನುವುದೇ ಇರಲಿಲ್ಲ.

ಅಷ್ಟರಲ್ಲಿ ಹಿಂದಿನ ಬೀದಿಯ ಮನೆಯಿಂದ ದ್ರಾಕ್ಷಾಯಣಿ ಓಡಿಬಂದಳು. ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿ ಸ್ಪೀಕರಿನ ಸ್ವಿಚ್ಚು ಆರಿಸಿದಳು. ಗಂಡನ ಕಡೆ ತಿರುಗಿ ಏನೋ ಕೇಳಿದಳು. ಚನ್ನೇಶನ ತಲೆ ಮೇಲಕ್ಕೂ ಕೆಳಕ್ಕೂ ಆಡಿತು. ತುಟಿಯ ಮೇಲೆ ಒಂದು ನಗು ಬಂತು. ಅದು ಅಪ್ಪನ ನಗು. ಬಂದದ್ದು ಅವನಿಗೇ ಗೊತ್ತಾಯಿತು. ಇಲ್ಲಿಂದ ಮುಂದೆ ಸಾಯುವತನಕ ಹೀಗೇ ತಲೆಯಾಡಿಸಬೇಕು ಎನ್ನುವುದು ಹೊಳೆದು, ಕಿವಿ ಹೋದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ನಂಗೆ ಕೇಳಿಸ್ತಿಲ್ಲ ದ್ರಾಕ್ಷಾ," ಎಂದ.

ಎಂದನೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಗಂಟಲು ಅದುರಿದ್ದು ತಿಳಿಯಿತು, ದನಿ ಬಂದದ್ದು ತಿಳಿಯಲಿಲ್ಲ. ಎದುರಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ. ಇಂದ್ರೇಶ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಮೇಡಂ ಸೆರಗು ಬಾಯಿಗೆ ತಂದಿದ್ದರು. ಬೀದಿಯ ಆಚೆ ಹೋಟೆಲಿನವರೂ ತಲೆ ತಗ್ಗಿಸಿದ್ದರು. ಹಾಗಾದರೆ ಹೇಳಿದ್ದೇನೆ, ಜೋರಾಗಿಯೇ ಹೇಳಿದ್ದೇನೆ ಎಂದು ಅವನಿಗೆ ಅರ್ಥವಾಯಿತು. ಯಾರೂ ನಗುತ್ತಿರಲಿಲ್ಲ.

ದ್ರಾಕ್ಷಾಯಣಿ ಅಳುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಗಾಜಿನ ಕೌಂಟರಿನ ಮೇಲೆ ಬಗ್ಗಿ, ಕೂತಿದ್ದ ಹಿಟ್ಟಿನಲ್ಲಿ ಬೆರಳಿನಿಂದ ದೊಡ್ಡದಾಗಿ ಬರೆದಳು.

ನಂಗಾದ್ರೂ ಹೇಳ್ಬಾರ್ದಿತ್ತಾ?

ಅದರ ಕೆಳಗೆ, ಸ್ವಲ್ಪ ತಡೆದು, ಇನ್ನೊಂದು ಸಾಲು ಬರೆದಳು. ನಡೀರಿ, ಹಾಸನಕ್ಕೆ ಡಾಕ್ಟರ್ ಹತ್ರ.

ಚನ್ನೇಶ ಓದಿದ. ಡಾಕ್ಟರು ಏನು ಹೇಳುವರೋ ಎಂಬ ಭಯ ಇದ್ದೇ ಇತ್ತು. ಅವನು ನೋಡುತ್ತಿದ್ದಂತೆಯೇ ಹಿಟ್ಟಿನ ಅಕ್ಷರಗಳ ಅಂಚು ಸಣ್ಣಗೆ ನಡುಗತೊಡಗಿತು. ಕರೆಂಟು ಬಂದಿತ್ತು, ಇಂದ್ರೇಶ ಹೋಗಿ ಮಿಲ್ಲು ಹಾಕಿದ್ದ. ಅಕ್ಷರ ಅಳಿಸಿಹೋಗುವ ಮುಂಚೆ ಚನ್ನೇಶ ಅವುಗಳನ್ನು ಇನ್ನೊಂದು ಸಲ ಓದಿ, ಷಟರ್ ಎಳೆಯಲು ಬಾಗಿಲಿಗೆ ನಡೆದ.