ಭಾವಮೈದುನನ ಪಾಲಾದ ಪ್ರೊಸೆಸರ್

ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿಯವರನ್ನು ಎಲ್ಲರೂ 'ಎರಡ್ಸಲ' ಎಂದೇ ಕರೆಯುವುದು. ಅಂಗಡಿಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದು, ತಿರುಗಿ ಬಂದು ಎಳೆದು ನೋಡುತ್ತಾರೆ. ಸ್ಕ್ರೂ ಬಿಚ್ಚುವಾಗ ಎಣಿಸುತ್ತಾರೆ, ಹಾಕಿದ ಮೇಲೆ ಮತ್ತೆ ಎಣಿಸುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಬೋರ್ಡನ್ನೂ ಕೆಡಿಸಿದವರಲ್ಲ. ಈ ಮಾತನ್ನೂ ಎರಡು ಸಲ ಹೇಳುತ್ತಾರೆ.

ಅವರ ಮಗಳು ಕಟ್ಟಡ ವಿನ್ಯಾಸ ಓದುತ್ತಿದ್ದಳು. ಕೊನೆಯ ವರ್ಷದ ನಕ್ಷೆಯನ್ನು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾಲೇಜಿಗೆ ಒಪ್ಪಿಸಬೇಕಿತ್ತು. ಮನೆಯ ಕಂಪ್ಯೂಟರಿನಲ್ಲಿ ಒಂದು ಗೋಡೆ ಮೂಡುವಷ್ಟರಲ್ಲಿ ಅವಳು ತಲೆಸ್ನಾನ ಮಾಡಿ, ಕೂದಲೊಣಗಿಸಿಕೊಂಡು ಬರಬಹುದಿತ್ತು. ಅಪ್ಪ ಹೊಸ ಪ್ರೊಸೆಸರ್ ತಂದರು. ಅದರ ಚೀಟಿಯನ್ನು ಎರಡು ಸಲ ಓದಿದರು. ಶನಿವಾರ ಸಂಜೆ ಹಳೆಯದನ್ನು ಬಿಚ್ಚಿ, ತಿರುವಿನಲ್ಲಿ ಬೇಕರಿ ಇಟ್ಟಿರುವ ಭಾವಮೈದುನನಿಗೆ ಕೊಟ್ಟುಬಿಟ್ಟರು.

"ತಗೋ, ನಿನ್ನ ಬಿಲ್ಲಿನ ಡಬ್ಬಕ್ಕೆ ಹಾಕ್ಕೋ. ಕಂಪ್ಯೂಟರ್ ಅಂದ್ರೆ ಆಫ್ ಮಾಡಿ ಆನ್ ಮಾಡೋದಷ್ಟೇ ಅಲ್ಲಯ್ಯಾ, ಸ್ವಲ್ಪ ಓದ್ಕೋಬೇಕು," ಎಂದು ಜೊತೆಗೆ ಉಪದೇಶವನ್ನೂ ಕೊಟ್ಟರು.

ಭಾನುವಾರ ಬೆಳಿಗ್ಗೆ ಹೊಸದನ್ನು ಕೂರಿಸಿದರು. ಫ್ಯಾನು ತಿರುಗಿತು, ಪರದೆ ಮಾತ್ರ ಕಾಡಿಗೆ ಬಳಿದಂತೆ ಕಪ್ಪು. ಬೋರ್ಡಿನ ಕಂಪನಿಯ ಜಾಲತಾಣ ನೋಡಿದಾಗ ಎರಡ್ಸಲರ ಮುಖವೂ ಹಾಗೇ ಆಯಿತು. ಬೋರ್ಡು ಎಚ್ಚರವಾದ ಕೂಡಲೇ ಮೊದಲು ಓಡುವ ಪುಟ್ಟ ತಂತ್ರಾಂಶವೇ ಬಯಾಸ್. ಇವರ ಬೋರ್ಡಿನದು ಹಳೆಯದು. ಅದಕ್ಕೆ ಹೊಸ ಪ್ರೊಸೆಸರಿನ ಗುರುತೇ ಇಲ್ಲ. ಬಯಾಸನ್ನು ಮೊದಲು ಹೊಸದಾಗಿಸಬೇಕು, ಅದಕ್ಕೆ ಬೋರ್ಡು ಏಳಬೇಕು, ಏಳಲು ಹಳೆಯ ಪ್ರೊಸೆಸರೇ ಬೇಕು.

"ಅಪ್ಪಾ, ಅಂದ್ರೆ ಮಾವನ ಹತ್ರ ವಾಪಸ್ ಕೇಳ್ಬೇಕಾ?"

"ಬೇರೆ ದಾರಿ ಹುಡುಕ್ತೀನಿ ತಾಳು."

"ಕೇಳಿದ್ರೆ ನಿಮ್ಮ ಕಿರೀಟ ಏನು ಬಿದ್ದೋಗುತ್ತಾ? ನಾಳೆ ಹತ್ತು ಗಂಟೆಗೆ ಕೊಡ್ಬೇಕು ಅವಳು," ಎಂದರು ಹೆಂಡತಿ.

ಬೇಕರಿಯಲ್ಲಿ ಭಾವಮೈದುನ ಹಲ್ಲೆಲ್ಲ ಕಾಣುವಂತೆ ನಕ್ಕ. "ಓದ್ಕೊಂಡೋರೇ ಬಂದ್ರಲ್ಲಪ್ಪಾ! ಕೊಡ್ತೀನಿ ಭಾವ. ಆದ್ರೆ ನಾನೂ ಬಂದು ಪಕ್ಕದಲ್ಲೇ ಕೂತ್ಕೋತೀನಿ. ನಾಕಕ್ಷರ ಕಲೀಬೇಕಲ್ಲ?" ತನ್ನ ಹೆಂಡತಿಗೆ ಕಾಗದ, ಪೆನ್ನು ಕೊಟ್ಟು ಬಿಲ್ಲು ಬರೆಯಲು ಕೂರಿಸಿ, ಪ್ರೊಸೆಸರ್ ಬಿಚ್ಚಿಸಿಕೊಂಡು ಹೊರಟೇಬಿಟ್ಟ.

ಬಯಾಸ್ ಬರೆಯುವಾಗ ಕರೆಂಟು ಹೋದರೆ ಬೋರ್ಡಿನ ಕಥೆ ಮುಗಿದಂತೆ. ಎರಡ್ಸಲ ಮನೆಯ ಸ್ವಿಚ್ಚುಗಳಿಗೆಲ್ಲ ಟೇಪು ಅಂಟಿಸಿದರು. ಮಿಕ್ಸಿಯನ್ನು ಅಟ್ಟಕ್ಕೇರಿಸಿದರು. ಫ್ರಿಜ್ಜಿನ ಪ್ಲಗ್ ಕಿತ್ತರು.

"ಕರೆಂಟ್ ಹೋದ್ರೆ ಭಾವ?"

"ಯುಪಿಎಸ್ ಇದೆ."

"ಅದೂ ಹೋದ್ರೆ?"

"ನಾನೂ ಹೋಗ್ತೀನಿ. ಸುಮ್ನೆ ಕೂತ್ಕೋ!"

ಹಳೆಯ ಪ್ರೊಸೆಸರ್ ಕೂತಿತು, ಪರದೆ ಬೆಳಗಿತು. ಪೆನ್‌ಡ್ರೈವಿನಲ್ಲಿದ್ದ ಕಡತದ ಹೆಸರನ್ನು ಮಗಳು ಅಕ್ಷರ ಅಕ್ಷರವಾಗಿ ಓದಿದಳು, ಅಪ್ಪ ಬೋರ್ಡಿನ ಮೇಲಿನ ಹೆಸರಿಗೆ ತಾಳೆ ನೋಡಿದರು. ಎರಡು ಸಲ. ಆಮೇಲೆ ಒತ್ತಿದರು. ಹತ್ತು, ಮೂವತ್ತು, ಅರವತ್ತೆಂಟು ಪರ್ಸೆಂಟ್. ಅಲ್ಲಿಗೆ ನಿಂತಿತು.

ಒಂದು ನಿಮಿಷ. ಎರಡು ನಿಮಿಷ. ಮಗಳು ಉಗುರು ಕಚ್ಚುವುದನ್ನೂ ಮರೆತು ನಿಂತಳು.

"ನಿಂತೋಯ್ತು ಭಾವ. ಒಂದ್ಸಲ ಆಫ್ ಮಾಡಿ..." ಎನ್ನುತ್ತಾ ಭಾವಮೈದುನ ಕೈ ಚಾಚಿಯೇಬಿಟ್ಟ. ಎರಡ್ಸಲ ಹಾರಿ, ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದರು.

"ಮುಟ್ಟಿದ್ರೆ ನಿಮ್ಮಕ್ಕನ ಮೇಲಾಣೆ!"

"ಮಧ್ಯೆ ನನ್ನ್ಯಾಕ್ರೀ ಎಳೀತೀರಾ?" ಎಂದು ಅಡುಗೆಮನೆಯಿಂದ ಕೇಳಿಸಿತು.

ಭಾವ, ಭಾವಮೈದುನ ಕೈ ಕೈ ಹಿಡಿದುಕೊಂಡೇ ಕೂತರು. ನಾಲ್ಕನೇ ನಿಮಿಷಕ್ಕೆ ಅರವತ್ತೊಂಬತ್ತು ಎಂದಿತು. ಆಮೇಲೆ ಸರಸರನೆ ನೂರು. ಯಂತ್ರ ತಾನೇ ಆರಿ, ತಾನೇ ಹೊತ್ತಿಕೊಂಡಿತು.

"ನೋಡಿದ್ರಾ? ಕೊನೆಗೆ ಅದೂ ಆಫ್ ಮಾಡಿ ಆನ್ ಮಾಡ್ಕೊಳ್ತಲ್ಲ!" ಎಂದ ಭಾವಮೈದುನ. ಎರಡ್ಸಲ ಅವನ ಕೈ ಬಿಟ್ಟು, ಸ್ಕ್ರೂ ಎಣಿಸತೊಡಗಿದರು.

ಹೊಸ ಪ್ರೊಸೆಸರ್ ಕೂರಿಸಿದ ಮೇಲೆ ಇಡೀ ಮನೆಯ ಚಿತ್ರ ಮಗಳು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಮೂಡಿತು. ಸಂಜೆ ಅಡುಗೆಮನೆಯಲ್ಲಿ ನೀರು ಹರಿಯಿತು.

"ರೀ, ಫ್ರಿಜ್ಜಿನ ಪ್ಲಗ್ಗು ಎರಡು ಸಲ ಬೇಡ, ಒಂದ್ಸಲ ಹಾಕಿದ್ರೂ ಸಾಕಿತ್ತಲ್ಲ!"

ಸೋಮವಾರ ಒಂಬತ್ತೂವರೆಗೇ ಮಗಳು ನಕ್ಷೆ ಒಪ್ಪಿಸಿದಳು. ಅಪ್ಪನ ಬಲವಂತಕ್ಕೆ, ಎರಡು ಪ್ರತಿ.