ಹೂಲಿಯ ಹಿಮಸಾಗರ

ಹೂಲಿಯ ಸೋಮವ್ವನ ದನಗಳು ನೀರು ಕುಡಿಯುವ ಎರಡು ಕಲ್ಲುಬಾನಿಗಳೇ ವಿಜ್ಞಾನದ ವೆಂಕಣ್ಣ ಮಾಸ್ತರರಿಗೆ ಧ್ರುವದ ಸಮುದ್ರ. ಅಮಾವಾಸ್ಯೆಗೆ ಅವಳು ಬಾನಿ ತಿಕ್ಕಲು ಹೊರಟರೆ, ‘ಬಲಗಡೇದು ತಿಕ್ಕವಾ, ಎಡಗಡಿ ಪಾಚಿ ಮುಟ್ಟಬ್ಯಾಡ!’ ಎಂದು ಅಂಗಲಾಚುತ್ತಾರೆ. ಮಕ್ಕಳ ಕೈಯನ್ನು ಎರಡರಲ್ಲೂ ಅದ್ದಿಸಿ, ‘ಹಸಿರು ನೀರು ಬೆಚ್ಚಗ ಅದೋ ಇಲ್ಲೋ? ಪ್ಲಾಂಕ್ಟನ್ ಅಂದರ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಅದು ಹೆಚ್ಚಾದರ ಧ್ರುವದ ಸಮುದ್ರದಾಗೂ ಹಿಂಗ. ಬಿಸಿಲು ಹಿಡದು ಮ್ಯಾಲಿನ ನೀರು ಕಾಸ್ತದ, ಬರ್ಫ ಕರಗ್ತದ, ಮತ್ತ ಬಿಸಿಲು, ಮತ್ತ ಹಸಿರು!’ ಎಂದು ಗುಡುಗಿದರೆ ಎಮ್ಮೆಗಳೂ ಮೆಲುಕು ನಿಲ್ಲಿಸುತ್ತವೆ. ಒಮ್ಮೆ ಸೋಮವ್ವ ಚೇಷ್ಟೆಗೆಂದು ಬಾನಿಗಳ ನೀರನ್ನು ಅದಲುಬದಲು ಮಾಡಿದಳು. ಮಾಸ್ತರರು ಎಡಗಡೆಯ ತಿಳಿನೀರಿನ ಮುಂದೆಯೇ ನಿಂತು, ‘ನೋಡ್ರೆಪಾ, ಎಷ್ಟು ಹಸಿರದ!’ ಎಂದರು; ಕೈ ಅದ್ದಿ, ತಣ್ಣಗಿರುವುದು ತಿಳಿದು ತಟ್ಟನೆ ಹಿಂದಕ್ಕೆಳೆದುಕೊಂಡರು. ಕಣ್ಣು ಮಂಜಾದದ್ದನ್ನು ಯಾರಿಗೂ ಹೇಳದೆ ಅವರು ಬೆರಳಿನಿಂದಲೇ ಹಸಿರು ನೋಡುತ್ತಿದ್ದರು. ಅಂದಿನಿಂದ ಸೋಮವ್ವ ಹಸಿರನ್ನು ಎಡಬಾನಿಯಿಂದ ಕದಲಿಸಿಲ್ಲ.