ಮಾತ್ರೆ ಅಕ್ಕನ ಮೂರನೇ ಪರೀಕ್ಷೆ

ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದ್ದವಳನ್ನು ನಾವೆಲ್ಲ ಮಾತ್ರೆ ಅಕ್ಕ ಎನ್ನುತ್ತಿದ್ದೆವು. ಪಕ್ಕದ ಕಿಟಕಿಯಲ್ಲಿ ಹೆಸರು ಬರೆದು ಚೀಟಿ ಕೊಡುವವನು ನಾನು. ಡಾಕ್ಟರರ ಕಾಗೆಕಾಲು ಗುಬ್ಬಿಕಾಲು ಅಕ್ಷರ ನನಗೆ ತಲೆಬುಡ ತಿಳಿಯದು. ಅವಳು ಸರಾಗವಾಗಿ ಓದುತ್ತಿದ್ದಳು. ಒಂದಕ್ಷರ ಅನುಮಾನ ಬಂದರೆ ಮಾತ್ರ ಚೀಟಿ ಹಿಡಿದು ಡಾಕ್ಟರರನ್ನು ಕೇಳಲು ಮಹಡಿ ಹತ್ತುತ್ತಿದ್ದಳು. ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಅವಳು ತಪ್ಪು ಮಾತ್ರೆ ಕೊಟ್ಟದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಆದರೆ ಕೆಲಸ ಕಾಯಂ ಆಗಿರಲಿಲ್ಲ. ಕಾಯಂ ಆಗಬೇಕಾದರೆ ಸಾಮರ್ಥ್ಯ ಪರೀಕ್ಷೆ ಪಾಸಾಗಬೇಕೆಂದು ಹೊಸ ನಿಯಮ ಬಂತು. ಮೂರು ಅವಕಾಶ, ಆಮೇಲೆ ಮನೆಗೆ. ಔಷಧಿಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ತಿರುಗಿಸಿಟ್ಟ ತ್ರಿಕೋನಗಳು, ಸಾಲಿನಲ್ಲಿ ಮುಂದೆ ಬರುವ ಸಂಖ್ಯೆ, ಅರ್ಧ ಗಂಟೆಗೆ ಅರವತ್ತು. ಅಕ್ಕ ಎರಡು ಸಲ ಡುಮ್ಕಿ. ಮೂರನೇ ಸಲ ಇಪ್ಪತ್ತಾರು ಪ್ರಶ್ನೆ ಖಾಲಿ ಬಿಟ್ಟು ಬಂದಳು.

"ಅಲ್ಲಕ್ಕಾ, ತಪ್ಪಿಗೆ ಅಂಕ ಕಳೆಯಲ್ಲ. ಸುಮ್ನೆ ಯಾವುದಕ್ಕಾದ್ರೂ ಗುರುತು ಹಾಕಬಾರದಿತ್ತಾ?" ಎಂದೆ.

"ಗೊತ್ತಿಲ್ಲದ್ದಕ್ಕೆ ಹೇಗಪ್ಪಾ ಕೈ ಹಾಕ್ಲಿ?" ಎಂದಳು.

ಔಷಧಿ ಕಿಟಕಿಗೆ ಹೊಸದಾಗಿ ಸೇರಿದ ಹುಡುಗಿ ಕೊನೆಯ ಇಪ್ಪತ್ತಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದ್ದಳಂತೆ. ತಾನೇ ನಗುತ್ತಾ ಹೇಳಿದಳು. ಅವಳು ಪಾಸು. ಅಕ್ಕ ನಾಲ್ಕು ಅಂಕ ಕಡಿಮೆಯಾಗಿ ಮತ್ತೆ ಡುಮ್ಕಿ.

ನನಗೆ ತಡೆಯಲಾಗದೆ ಮೇಲ್ವಿಚಾರಕರ ಕೋಣೆಗೆ ಹೋದೆ. "ಸಾರ್, ಆ ಕೆಲಸ ಅಕ್ಕನಷ್ಟು ಬಲ್ಲವರು ಯಾರಿದ್ದಾರೆ?"

"ಕೆಲಸ ಬರುತ್ತಾ ಅಂತ ನೋಡೋ ಪರೀಕ್ಷೆ ಅಲ್ಲ ಕಣಯ್ಯಾ ಇದು. ಕಲಿಯೋ ಶಕ್ತಿ ಇದೆಯಾ ಅಂತ ನೋಡೋದು."

"ಕಲಿತಾಗಿದೆಯಲ್ಲ ಸಾರ್."

"ಅದಕ್ಕೆ ಇದರಲ್ಲಿ ಅಂಕ ಇಲ್ಲ," ಎಂದರು, ಬೇಜಾರಿನಿಂದಲೇ. ಅವರು ಕೆಟ್ಟ ಮನುಷ್ಯರಾಗಿದ್ದರೆ ನಾಲ್ಕು ಮಾತು ಅಂದು ಬರಬಹುದಿತ್ತು. ಅದಕ್ಕೂ ಅವಕಾಶವಿರಲಿಲ್ಲ.

ಉಳಿದ ಒಂದು ತಿಂಗಳು ಹುಡುಗಿಗೆ ಕೆಲಸ ಹೇಳಿಕೊಡುವುದು ಅಕ್ಕನ ಪಾಲಿಗೇ ಬಂತು. ಮನಸ್ಸಿಟ್ಟು ಹೇಳಿಕೊಟ್ಟಳು. ಆದರೆ ಬರಬರುತ್ತಾ ದಿನಾ ಕೊಡುವ ಮಾತ್ರೆಯ ಹೆಸರನ್ನೇ ಮೂರು ಮೂರು ಸಲ ಓದತೊಡಗಿದಳು. ಅಚ್ಚಾದ ಚೀಟಿ ಹಿಡಿದೂ ಮಹಡಿ ಹತ್ತುತ್ತಿದ್ದಳು. ಒಂದು ಮಧ್ಯಾಹ್ನ, "ಮೂರು ಸಲ ನೋಡಿ ಹೇಳಿದ್ದಾರಲ್ಲಪ್ಪಾ, ನನ್ನ ತಲೆ ಇಷ್ಟೇ ಅಂತ. ಸುಳ್ಳಿರುತ್ತಾ?" ಎಂದಳು. ಸುಳ್ಳು ಎಂದೆ. ಚೀಟಿ ಬರೆಯುವವನ ಮಾತಿಗೆ ಏನು ಬೆಲೆ.

ಕೊನೆಯ ದಿನ, ವರ್ಷಗಟ್ಟಲೆ ಅವಳ ಕೈಯಿಂದಲೇ ಔಷಧಿ ಒಯ್ಯುತ್ತಿದ್ದ ಮುದುಕರೊಬ್ಬರು ಎರಡು ಮಾತ್ರೆ ಪಟ್ಟಿ ಎತ್ತಿ ಹಿಡಿದು, "ತಾಯಿ, ಊಟಕ್ಕೆ ಮುಂಚೆ ಯಾವುದು?" ಎಂದು ಕೇಳಿದರು. ನಿದ್ದೆಗಣ್ಣಲ್ಲೂ ಹೇಳಬಲ್ಲ ಉತ್ತರ. ಅಕ್ಕ ಪಟ್ಟಿಗಳನ್ನು ನೋಡಿದಳು. ಹೆಸರುಗಳನ್ನು ಮೂರು ಸಲ ಓದಿದಳು.

"ನಂಗೆ ಗೊತ್ತಾಗಲ್ಲ ತಾತ," ಎಂದಳು. "ಆ ಹುಡುಗೀನ ಕೇಳಿ."